ದೊಡ್ಡ ಕರುಳಿಲ್ಲದ ದೇಹ: ಬಳಕೆದಾರರ ಕೈಪಿಡಿ, ಕದ್ರಿ ಆವೃತ್ತಿ

ಮಿಕ್ಸಿ ತಂದರೆ ಕೈಪಿಡಿ ಕೊಡುತ್ತಾರೆ, ಇಸ್ತ್ರಿಪೆಟ್ಟಿಗೆಗೂ ಕೊಡುತ್ತಾರೆ. ಹೊಟ್ಟೆ ಕೊಯ್ದು ಒಂದೂವರೆ ಮೀಟರ್ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಕ್ಕುಳಿನ ಬಲಕ್ಕೆ ತುಸು ಕೆಳಗೆ ಹೊರತಂದು ಹೊಲಿದು ಮನೆಗೆ ಕಳಿಸುವಾಗ ಮಾತ್ರ ನನ್ನ ಕೈಗೆ ಬಂದದ್ದು ಒಂದು ಡಿಸ್‌ಚಾರ್ಜ್ ಸಮ್ಮರಿ. ಅದನ್ನು ಓದಬೇಕಾದರೆ ಮೊದಲು ಡಾಕ್ಟರಿಕೆ ಓದಿರಬೇಕು. ಹಾಗಾಗಿ ಈ ಯಂತ್ರವನ್ನು ಮಂಗಳೂರಿನ ಕದ್ರಿಯಲ್ಲಿ ಮೂರು ಮಳೆಗಾಲ ಓಡಿಸಿದ ಅನುಭವದ ಮೇಲೆ ಕೈಪಿಡಿಯನ್ನು ನಾನೇ ಬರೆದಿದ್ದೇನೆ. ನಂತೂರು ಸರ್ಕಲ್ ದಾಟಿದ ಮೇಲೆ ಇದು ಅನ್ವಯವಾಗದಿದ್ದರೆ ಲೇಖಕ ಹೊಣೆಯಲ್ಲ.

ಭಾಗಗಳ ಪರಿಚಯ

ಹೊಟ್ಟೆಯ ಮೇಲೆ ಕೆಂಪಗೆ, ಒದ್ದೆಯಾಗಿ, ಕೆನ್ನೆಯ ಒಳಮೈಯಂತೆ ಕಾಣುವುದೇ ಸ್ಟೋಮಾ. ಮುಟ್ಟಿದರೆ ನೋವಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ಇದಕ್ಕೆ ಸ್ವಿಚ್ ಇಲ್ಲ, ವಾಲ್ವ್ ಇಲ್ಲ, ಸಮಯಪಾಲನೆ ಎಂಬುದು ಮೊದಲೇ ಇಲ್ಲ. ಚರ್ಮದಿಂದ ಎರಡು ಸೆಂಟಿಮೀಟರಿನಷ್ಟು ಮೇಲೆದ್ದು ನಿಂತಿದ್ದರೆ ಅದು ಬ್ರಿಟನ್ನಿನ ಸರ್ಜನ್ ಬ್ರಯಾನ್ ಬ್ರೂಕ್ ಅವರ ಉಪಕಾರ. ಶರ್ಟಿನ ತೋಳು ಮಡಚಿದ ಹಾಗೆ ಕರುಳಿನ ತುದಿಯನ್ನು ಹೊರಕ್ಕೆ ಮಡಚಿ ಹೊಲಿಯುವ ವಿಧಾನವನ್ನು ಅವರು 1952ರಲ್ಲಿ ಪ್ರಕಟಿಸಿದರು. ಒಳಗಿನದು ಚರ್ಮಕ್ಕೆ ತಾಗದೆ ನೇರ ಬ್ಯಾಗಿಗೆ ಬೀಳಲಿ ಎಂಬುದು ಉಪಾಯ. ಸಣ್ಣ ಕರುಳಿನ ರಸಕ್ಕೆ ಅನ್ನವೂ ಒಂದೇ, ನಮ್ಮ ಚರ್ಮವೂ ಒಂದೇ. ಎರಡನ್ನೂ ಜೀರ್ಣಿಸಲು ಹೊರಡುತ್ತದೆ.

ಅಂಟುವ ಬ್ಯಾಗಿನ ಕಥೆ ಇನ್ನೂ ಹತ್ತಿರದ್ದು. ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸೆನ್ ಅವರ ತಂಗಿ ಥೋರಾ ಇಂಥದೇ ಆಪರೇಶನ್ನಿನ ನಂತರ ಸೋರೀತೆಂಬ ಭಯಕ್ಕೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅವಳಿಗಾಗಿ 1954ರಲ್ಲಿ ಅಕ್ಕ ಯೋಚಿಸಿದ್ದು ಈ ಬ್ಯಾಗು. ಮೆಡಿಕಲ್ ಶಾಪಿನಲ್ಲಿ ಇದನ್ನು ನಮ್ಮ ಆಪರೇಶನ್ನಿನ ಹೆಸರು ಹಿಡಿದು ‘ಇಲಿಯೋಸ್ಟಮಿ ಬ್ಯಾಗ್’ ಎಂದು ಶಾಸ್ತ್ರೋಕ್ತವಾಗಿ ಕೇಳಿದರೆ ಹುಡುಗ ಮುಖ ನೋಡುತ್ತಾನೆ. ದೊಡ್ಡ ಕರುಳಿನವರ ಕೊಲೋಸ್ಟಮಿ ಬ್ಯಾಗ್ ಅನ್ನಿ, ಅಡಿಯಲ್ಲಿ ತೆರೆದು ಖಾಲಿ ಮಾಡುವಂಥದ್ದು ಅನ್ನಿ. ಕೊಡುತ್ತಾನೆ, ನ್ಯೂಸ್‌ಪೇಪರಿನಲ್ಲಿ ಸುತ್ತಿ, ಕದ್ದ ಮಾಲಿನ ಹಾಗೆ.

ಜೋಡಣೆ

ಆಪರೇಶನ್ನಿಗೆ ಮುಂಚೆ ನರ್ಸ್ ಒಬ್ಬರು ಮಾರ್ಕರ್ ಪೆನ್ನು ಹಿಡಿದು ಬಂದು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಕೇಳಿದ್ದು: “ಲುಂಗಿ ಎಲ್ಲಿ ಕಟ್ಟುತ್ತೀರಿ?” ಅರುವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಇದಕ್ಕೆ ನಾಚದೆ ಉತ್ತರ ಕೊಡಿ. ಲುಂಗಿಯ ಗಂಟಾಗಲಿ, ಸೀರೆಯೊಳಗಿನ ಲಂಗದ ಲಾಡಿಯಾಗಲಿ ಸ್ಟೋಮಾದ ಮೇಲೆಯೇ ಬಂದರೆ ಆಮೇಲೆ ಸ್ಥಳಾಂತರಕ್ಕೆ ಅರ್ಜಿ ಹಾಕುವುದು ಸುಲಭವಲ್ಲ.

ಬ್ಯಾಗಿನ ರಂಧ್ರ ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ಒಂದು ಭಾನುವಾರ ಬಿಡುವಾಗಿ ಕೂತು ಇಡೀ ಪೆಟ್ಟಿಗೆಯ ಬ್ಯಾಗುಗಳನ್ನು ಒಂದೇ ಅಳತೆಗೆ ಕತ್ತರಿಸಿಡುವ ಮುಂಜಾಗ್ರತೆ ಬೇಡ. ನಾನು ಮಾಡಿದೆ. ಬದಲಾಯಿಸಲು ಒಳ್ಳೆಯ ಹೊತ್ತು ಬೆಳಗ್ಗೆ, ಚಾ ಕುಡಿಯುವ ಮೊದಲು. ಆಗ ಯಂತ್ರ ಇನ್ನೂ ನಿದ್ದೆಯಲ್ಲಿರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು. ಏಪ್ರಿಲ್ ಸೆಕೆಯಲ್ಲಿ ಬೆವರಿಗೆ ಅಂಟು ಎರಡೇ ದಿನಕ್ಕೆ ರಾಜೀನಾಮೆ ಕೊಡಬಹುದು. ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಿ. ತುಂಬಿದ ಬ್ಯಾಗಿನ ಭಾರವೇ ಅಂಟನ್ನು ಎಳೆದು ಬಿಡಿಸುತ್ತದೆ.

ಈಗ ಮುಖ್ಯ ಎಚ್ಚರಿಕೆ: ತೆಂಗಿನೆಣ್ಣೆ. ಕರಾವಳಿಯಲ್ಲಿ ಬಿದ್ದ ಗಾಯದಿಂದ ಬೀಳುವ ಕೂದಲಿನವರೆಗೆ ಮೊದಲ ಮದ್ದು ಅದೇ. ಬ್ಯಾಗಿನ ಸುತ್ತ ಚರ್ಮ ಕೆಂಪಾದದ್ದು ನೋಡಿ ನನ್ನ ಚಿಕ್ಕಮ್ಮ, “ಸ್ವಲ್ಪ ಎಣ್ಣೆ ಪೂಸು ಮಗ, ತಂಪಾಗ್ತದೆ” ಅಂದರು. ಪೂಸಿದೆ, ತಂಪಾಯಿತು. ಮಲ್ಲಿಕಟ್ಟೆಯ ಸಿಗ್ನಲ್ಲಿನಲ್ಲಿ, ಆಟೋದೊಳಗೆ, ಬ್ಯಾಗು ಮೆಲ್ಲ ಕಳಚಿಕೊಂಡಿತು. ಆಟೋದವ ಏನೂ ಹೇಳಲಿಲ್ಲ, ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟಾಗಲೂ ಏನೂ ಹೇಳಲಿಲ್ಲ. ಅಂಟಿಗೆ ಬೇಕಾದದ್ದು ಬರೀ ನೀರಿನಲ್ಲಿ ತೊಳೆದು ಪೂರ್ತಿ ಒಣಗಿದ ಚರ್ಮ. ಜೂನ್ ತಿಂಗಳಲ್ಲಿ ಕದ್ರಿಯಲ್ಲಿ ಬೈರಾಸೇ ಒಣಗುವುದಿಲ್ಲ, ಇನ್ನು ಚರ್ಮ ಒಣಗುವುದುಂಟಾ? ಟೇಬಲ್ ಫ್ಯಾನಿನ ಮುಂದೆ ಹೊಟ್ಟೆ ತೋರಿಸಿ ನಿಲ್ಲಿ. ಕಿಟಕಿ ಹಾಕಿಕೊಂಡು.

ಇಂಧನ

ಮೊದಲ ಆರೆಂಟು ವಾರ ನಾರು ಕಡಿಮೆ. ಅಂದರೆ ಮಂಗಳೂರಿನಲ್ಲಿ ತಿನ್ನಲು ಯೋಗ್ಯವಾದ ಮುಕ್ಕಾಲು ಪಾಲು ರದ್ದು: ಪತ್ರೊಡೆ, ಬಸಳೆಯ ದಂಟು, ಹಲಸು, ಅನಾನಸು, ಗೇರುಬೀಜ, ಮಳೆಗಾಲದ ಅಣಬೆ. ಸರಿಯಾಗಿ ಅಗಿಯದ ನಾರೆಲ್ಲ ಒಟ್ಟಾಗಿ ಸ್ಟೋಮಾದ ಬಾಗಿಲಲ್ಲಿ ಹರತಾಳ ಕೂರುತ್ತವೆ. ತೆಂಗಿನಕಾಯಿಯನ್ನು ಬಿಡಿ ಎಂದು ಹೇಳುವ ಧೈರ್ಯ ಈ ಕೈಪಿಡಿಗಿಲ್ಲ. ನುಣ್ಣಗೆ ಕಡೆದ ಗಸಿ ಪರವಾಗಿಲ್ಲ, ಪಲ್ಯದ ಮೇಲೆ ಉದುರಿಸಿದ ಕಾಯಿತುರಿಯೇ ಅಪಾಯ. ಕಡೆಯುವ ಕಲ್ಲು ಮಾಡದ ಕೆಲಸವನ್ನು ಹಲ್ಲು ಮಾಡಬೇಕು. ಆಮೇಲೆ ಒಂದೊಂದನ್ನೇ, ಸ್ವಲ್ಪ ಸ್ವಲ್ಪವೇ ತಿಂದು ಪರೀಕ್ಷಿಸಿ. ಬಂಗುಡೆ ತಿಂದರೆ ಬ್ಯಾಗು ಮನೆಯವರಿಗೆಲ್ಲ ತಿಳಿಸುತ್ತದೆ. ಬೀಟ್‌ರೂಟ್ ತಿಂದದ್ದನ್ನು ಮರೆತರೆ ಸಂಜೆ ಬ್ಯಾಗು ನೋಡಿ ಜೀವ ಹಾರೀತು.

ಹೊರಬರುವುದು ನೀರಾಗಿದ್ದರೆ ಗಟ್ಟಿ ಮಾಡುವವರು ಅನ್ನ, ಮರಗೆಣಸು, ಬಾಳೆಹಣ್ಣು. ಕದಳೀವನ ಇದ್ದ ಜಾಗವೇ ಕದ್ರಿಯಾಯಿತು ಎಂಬ ಮಾತುಂಟು. ಊರಿನ ಹೆಸರಲ್ಲೇ ಚೀಟಿ ಬರೆದಿಟ್ಟಿದ್ದರು, ನಾನು ಓದಿರಲಿಲ್ಲ.

ಮಾತ್ರೆಗಳ ಬಗ್ಗೆ ಒಂದು ಮಾತು. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಗಳಿಗೆ ಈ ಯಂತ್ರದಲ್ಲಿ ಕರಗುವಷ್ಟು ದಾರಿಯೇ ಸಿಗದೆ ಹೋಗಬಹುದು. ಬೆಳಗ್ಗೆ ನುಂಗಿದ್ದು ಮಧ್ಯಾಹ್ನ ಬ್ಯಾಗಿನಲ್ಲಿ ಇಡಿಯಾಗಿ ಸಿಕ್ಕರೆ ಡಾಕ್ಟರಿಗೆ ಹೇಳಿ, ತೊಳೆದು ಪುನಃ ನುಂಗಬೇಡಿ.

ನೀರು ಮತ್ತು ಉಪ್ಪು

ಕೈಪಿಡಿಯ ಬೇರೆಲ್ಲ ಪುಟ ಹರಿದುಹೋದರೂ ಇದೊಂದು ಉಳಿಯಲಿ. ದೊಡ್ಡ ಕರುಳು ನಮ್ಮೊಳಗಿನ ಜಿಪುಣ ಯಜಮಾನ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಅದರ ಬಾಗಿಲಿಗೆ ಬರುತ್ತಿತ್ತು. ಒಂದು ಲೋಟ ಬಿಟ್ಟು ಉಳಿದದ್ದನ್ನೆಲ್ಲ, ಉಪ್ಪಿನ ಸಮೇತ, ಹಿಂದಕ್ಕೆ ಪಡೆಯುತ್ತಿತ್ತು. ಅದರ ಜೀವಮಾನದಲ್ಲಿ ನಾನು ಒಮ್ಮೆಯೂ ಕೃತಜ್ಞತೆ ಹೇಳಲಿಲ್ಲ, ಹೊಟ್ಟೆನೋವಿಗೆ ಬೈದದ್ದೇ. ಅದು ಹೋದ ಮೇಲೆ ಲೆಕ್ಕ ಬರೆಯುವವರು ಯಾರೂ ಇಲ್ಲ. ಕದ್ರಿ ದೇವಸ್ಥಾನದ ಹಿಂದಿನ ಗುಡ್ಡದ ಗೋಮುಖದಿಂದ ನೀರು ಬರುತ್ತದೆ, ಹಿಡಿದಿಡಲು ಕೆರೆಗಳು ಉಂಟು. ನನ್ನದು ಬರೀ ಗೋಮುಖ, ಕೆರೆ ಇಲ್ಲ.

ಮೊದಲ ಏಪ್ರಿಲಿನಲ್ಲಿ ಬಾಯಿ ಒಣಗಿತು. ಬಾಟಲಿಗಟ್ಟಲೆ ನೀರು ಕುಡಿದೆ. ದಿನಕ್ಕೆ ಎರಡು ಎಳನೀರಿನ ಬೊಂಡವನ್ನೂ ಕುಡಿದೆ, ಇನ್ನೇನು ಬೇಕು ಎಂಬ ಧಿಮಾಕಿನಲ್ಲಿ. ಕುಡಿದಷ್ಟೂ ಬ್ಯಾಗು ತುಂಬಿತು, ಮೂತ್ರ ಹಳದಿಯಿಂದ ಕಂದಾಯಿತು, ರಾತ್ರಿ ಮೀನಖಂಡ ಹಿಡಿದುಕೊಂಡಿತು, ಎದ್ದು ನಿಂತರೆ ಗೋಡೆ ಬೇಕಾಯಿತು. ಡಾಕ್ಟರು ಹೇಳಿದ್ದು: “ಬರೀ ನೀರು ಕಡಿಮೆ ಮಾಡಿ, ಉಪ್ಪು ಜಾಸ್ತಿ ಮಾಡಿ.” ಕಂಡಕಂಡವರಿಗೆಲ್ಲ ಉಪ್ಪು ಬಿಡಿ ಎನ್ನುವ ಕುಲದವರ ಬಾಯಲ್ಲಿ ಈ ಮಾತು! ಬರೀ ನೀರು ಸಣ್ಣ ಕರುಳಿಗೆ ಬಂದರೆ ಮೈಯ ಉಪ್ಪು ಅದರೊಳಕ್ಕೆ ಇಳಿಯುತ್ತದೆ, ಉಪ್ಪಿನ ಹಿಂದೆ ಇನ್ನಷ್ಟು ನೀರು, ಎಲ್ಲ ಸೇರಿ ಬ್ಯಾಗಿಗೆ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ನಮಗೆ ಬೇಕಾದ ಸೋಡಿಯಂ ಕಡಿಮೆ.

ಉಪ್ಪು ಒಳಹೋಗಬೇಕಾದರೆ ಸಕ್ಕರೆಯ ಕೈ ಹಿಡಿಯಬೇಕು. ಕರುಳಿನ ಗೋಡೆಯಲ್ಲಿ ಇಬ್ಬರಿಗೂ ಒಂದೇ ಬಾಗಿಲು, ನೀರು ಅವರ ಬೆನ್ನಿಗೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ ಕುಡಿಸಿದ್ದು ಇದೇ ತತ್ವದ ಮೇಲೆ. ನಮ್ಮಂಥವರಿಗೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾಕ ಉಂಟು: ಒಂದು ಲೀಟರ್ ನೀರಿಗೆ ಆರು ಟೀಚಮಚ ಗ್ಲೂಕೋಸ್, ಒಂದು ಟೀಚಮಚ ಉಪ್ಪು, ಅರ್ಧ ಟೀಚಮಚ ಅಡುಗೆ ಸೋಡಾ. ದಿನವಿಡೀ ಗುಟುಕರಿಸಬೇಕು. ರುಚಿ ಪಣಂಬೂರು ಸಮುದ್ರದಲ್ಲಿ ಮುಳುಗೆದ್ದವರಿಗೆ ಗೊತ್ತು. ಬಿಪಿ, ಹೃದಯ, ಕಿಡ್ನಿಯ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು.

ಕೊನೆಗೆ ದಿನದೂಟದಲ್ಲಿ ನನ್ನ ಕೈಹಿಡಿದದ್ದು ಕುಚ್ಚಲಕ್ಕಿ ಗಂಜಿ. ಗಂಜಿಯ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ, ಮೇಲಿಂದ ಉಪ್ಪು, ನೆಂಚಿಕೊಳ್ಳಲು ಮಿಡಿ ಉಪ್ಪಿನಕಾಯಿಯ ರಸ. ಮಿಡಿಯನ್ನು ಹೆಂಡತಿಗೆ ಬಿಟ್ಟುಕೊಡಿ. ಗದ್ದೆಗಿಳಿಯುವ ಮೊದಲು ಅಜ್ಜ ಉಣ್ಣುತ್ತಿದ್ದದ್ದು ಇದನ್ನೇ. ಆರಾಮಾದಾಗ ದಿನಕ್ಕೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ಬ್ಯಾಗಿಗೆ ಬರುವುದು ಸಹಜ. ಒಂದೂವರೆ ಲೀಟರ್ ದಾಟುತ್ತಾ ಹೋದರೆ ಗಂಜಿಯ ಮೇಲೆ ಭಾರ ಹಾಕದೆ ಆಸ್ಪತ್ರೆಗೆ ಹೋಗಿ.

ಶಬ್ದ, ದೇವಸ್ಥಾನ, ರೈಲು

ಸ್ಟೋಮಾ ಮಾತಾಡುತ್ತದೆ. ಯಕ್ಷಗಾನದಲ್ಲಿ ಚೆಂಡೆಯ ಪಕ್ಕ ಕೂತರೆ ಯಾರಿಗೂ ಕೇಳದು; ಉತ್ತರಕ್ರಿಯೆಯ ಬೊಜ್ಜದ ಮನೆಯ ಮೌನದಲ್ಲಿ ಕೇಳುತ್ತದೆ. ಶರ್ಟು ತೆಗೆಯಬೇಕಾದ ದೇವಸ್ಥಾನಕ್ಕೆ ಹೋಗುವಾಗ ಶಾಲು ಹೊದೆಯಿರಿ. ಇದನ್ನು ಹೊತ್ತು ಒಳಗೆ ಹೋಗಬಹುದಾ ಎಂದು ನಾನು ಬಹಳ ದಿನ ಮೆಟ್ಟಿಲಲ್ಲೇ ನಿಂತು ಯೋಚಿಸಿದೆ. ಒಳಗಿದ್ದವರೆಲ್ಲ ಅದನ್ನೇ ಹೊತ್ತುಕೊಂಡು ಬಂದಿದ್ದರು, ನನ್ನದು ಹೊರಗೆ ಕಾಣುತ್ತಿತ್ತು ಅಷ್ಟೆ. ಹೋದೆ. ರೈಲ್ವೆಯವರು ಸ್ಟೋಮಾ ಇದ್ದವರಿಗೆ ಸೀಸನ್ ಟಿಕೆಟಿನಲ್ಲಿ ಅರ್ಧ ರಿಯಾಯಿತಿ ಇಟ್ಟಿದ್ದಾರೆ. ದಿನಾ ಕಾಸರಗೋಡಿಗೆ ಹೋಗಿಬರುವ ಉದ್ಯೋಗ ಇಟ್ಟುಕೊಂಡರೆ ಲಾಭ.

ಕೆಂಪು ದೀಪ

ಸ್ಟೋಮಾ ಕಪ್ಪಾದರೆ, ನೇರಳೆಯಾದರೆ, ಅಥವಾ ಹೊಟ್ಟೆ ಹಿಂಡುತ್ತಾ ವಾಂತಿಯಾಗುತ್ತಾ ಗಂಟೆಗಟ್ಟಲೆ ಬ್ಯಾಗಿಗೆ ಏನೂ ಬಾರದಿದ್ದರೆ ಕೂಡಲೇ ಆಸ್ಪತ್ರೆಗೆ. “ಹರಳೆಣ್ಣೆ ಕುಡೀರಿ ಮಾರಾಯ್ರೆ, ಹೊಟ್ಟೆ ತೊಳೆದು ಹೋಗ್ತದೆ” ಎಂಬ ನೆರೆಯವರ ಮಾತು ಕೇಳಬಾರದು. ಭೇದಿ ಮಾಡಿಸುವ ಮದ್ದು ಈ ಯಂತ್ರಕ್ಕೆ ವಿಷ. ಗ್ಯಾಸ್ ಸಿಲಿಂಡರ್ ಎತ್ತುವುದನ್ನೂ ಬೇರೆಯವರಿಗೆ ಬಿಡಿ, ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಏಳಬಹುದು.

ಹಳೆಯ ದಾರಿ

ನನ್ನಲ್ಲಿ ಗುದನಾಳ ಇನ್ನೂ ಉಂಟು. ಮುಚ್ಚಿದ ಪೋಸ್ಟಾಫೀಸಿಗೆ ಆಗಾಗ ಕಾಗದ ಬರುವ ಹಾಗೆ ಅಲ್ಲಿಂದ ಸ್ವಲ್ಪ ಲೋಳೆ ಬರುತ್ತದೆ. ಹೋಗಿ ಕೂತು ಬರಬೇಕು. ಗುದನಾಳವನ್ನೂ ತೆಗೆದು, ಸಣ್ಣ ಕರುಳಿನಲ್ಲೇ ಒಂದು ಚೀಲ ಹೊಲಿದು ಹಳೆಯ ದಾರಿಗೆ ಜೋಡಿಸಬಹುದು. ಸೇಂಟ್ ಮಾರ್ಕ್ಸಿನ ಪಾರ್ಕ್ಸ್ ಮತ್ತು ನಿಕೋಲ್ಸ್ 1978ರಲ್ಲಿ ತೋರಿಸಿಕೊಟ್ಟ ಉಪಾಯ. ಬ್ಯಾಗು ಬೇಡ, ಆದರೆ ದಿನಕ್ಕೆ ಐದಾರು ಸಲ ಓಡಬೇಕು. ಸರ್ಜನ್ ಪ್ರತಿ ಸಲ ಕೇಳುತ್ತಾರೆ, “ಎಂತ ಮಾಡುವಾ?” ಈ ಮಳೆಗಾಲ ಒಂದು ಮುಗಿಯಲಿ ಡಾಕ್ಟ್ರೇ, ಅನ್ನುತ್ತೇನೆ. ಮೂರನೇ ಮಳೆಗಾಲ ಇದು.