ಅಗೋ, ಅಲ್ಲಿ!

ಪಕ್ಷಿಯನ್ನು ನೋಡಬೇಕೆಂಬ ಅಪೇಕ್ಷೆಯುಳ್ಳವನು ಒಂಟಿಯಾಗಿ ಹೋಗಿ, ನೀರಿನಂಚಿನ ಮರದಡಿಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತರೆ ಸಾಕು, ಪಕ್ಷಿ ತಾನಾಗಿಯೇ ಬಂದು ದರ್ಶನವೀಯುವುದೆಂದು ಬಲ್ಲವರು ಹೇಳುತ್ತಾರೆ. ಹೀಗೆ ಹೇಳಿದ ಬಲ್ಲವರೇ ಭಾನುವಾರ ಬೆಳಕು ಹರಿಯುವ ಮುನ್ನ ಒಂದು ಬಸ್ಸಿನ ತುಂಬ ಜನರನ್ನೂ, ಅವರ ದುರ್ಬೀನುಗಳನ್ನೂ, ಚಿತ್ರಾನ್ನದ ಡಬರಿಯನ್ನೂ ಹೇರಿಕೊಂಡು ರಂಗನತಿಟ್ಟು ಪಕ್ಷಿಧಾಮಕ್ಕೆ ಹೊರಡುತ್ತಾರೆ. ಪಕ್ಷಿಯನ್ನು ನೋಡುವುದಕ್ಕೆ ಒಬ್ಬನ ಕಣ್ಣು ಸಾಕಾದರೂ, ನೋಡಿದ್ದಾಯಿತೆಂದು ಸ್ಥಾಪಿಸುವುದಕ್ಕೆ ಒಂದು ಸಭೆಯೇ ಬೇಕಾಗುವುದರಿಂದ ಈ ಏರ್ಪಾಡು ಎಂಬುದು ನನ್ನ ಊಹೆ.

ರಂಗನತಿಟ್ಟಾದರೂ ಪಕ್ಷಿಗಳಿಗೋಸ್ಕರ ನಿರ್ಮಿತವಾದುದಲ್ಲ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆ ಎದ್ದಿತು. ಕಟ್ಟೆಯ ದೆಸೆಯಿಂದ ಉಂಟಾದ ನಡುಗಡ್ಡೆಗಳನ್ನು ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಯಾವ ದರಖಾಸ್ತನ್ನೂ ಸಲ್ಲಿಸದೆ ಸ್ವಾಧೀನಪಡಿಸಿಕೊಂಡುವು. ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನು ಕಂಡು ಮೈಸೂರಿನ ಅರಸರಲ್ಲಿ ಅರಿಕೆ ಮಾಡಿದುದರ ಫಲವಾಗಿ 1940ರಲ್ಲಿ ಈ ಒಕ್ಕಲಿಗೆ ಸರಕಾರದ ಮುದ್ರೆ ಬಿತ್ತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಯಲ್ಲಿಯೂ ಹೆಸರು ಸೇರಿತು. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ ಕಾವೇರಿ ಯಾವ ಮುದ್ರೆಗೂ ಮರ್ಯಾದೆ ಕೊಡುವುದಿಲ್ಲ. ನಡುಗಡ್ಡೆಗಳು ಮುಳುಗುತ್ತವೆ, ದೋಣಿಗಳು ದಡದಲ್ಲಿಯೇ ಉಳಿಯುತ್ತವೆ.

ದೋಣಿಯನ್ನು ಹತ್ತುವ ಮುನ್ನ ಮೌನವ್ರತದ ಬೋಧನೆಯಾಗುತ್ತದೆ. ವ್ರತ ಮುರಿಯುವವರು ಸಾಮಾನ್ಯವಾಗಿ ಬೋಧಿಸಿದವರೇ. ಕೊಕ್ಕರೆಗಳ ಜಾತಿಗೆ ಧ್ವನಿಪೆಟ್ಟಿಗೆಯ ಸ್ನಾಯುಗಳೇ ಇಲ್ಲದಿರುವುದರಿಂದ, ಬೆಳೆದ ಬಣ್ಣದ ಕೊಕ್ಕರೆ ಹೆಚ್ಚೆಂದರೆ ಕೊಕ್ಕನ್ನು ಕಟಕಟ ಬಡಿದೀತೇ ಹೊರತು ಕೂಗಲಾರದು ಎಂಬ ಸಂಗತಿಯನ್ನು ನಮ್ಮ ತಂಡದ ವಿದ್ವಾಂಸರು ಎಷ್ಟು ಉಚ್ಚಸ್ವರದಲ್ಲಿ ವಿವರಿಸಿದರೆಂದರೆ, ಬಿಸಿಲಿಗೆ ರೆಕ್ಕೆ ಹರಡಿ ಮರಿಗಳಿಗೆ ನೆರಳು ಮಾಡಿ ನಿಂತಿದ್ದ ಆ ಮೂಕಮಾತೆ ಕತ್ತು ಹೊರಳಿಸಿ ನಮ್ಮ ಕಡೆಗೊಮ್ಮೆ ನೋಡಿತು. ವಿದ್ವಾಂಸರ ಮಗ್ಗುಲಲ್ಲಿ ರಾಜಸ್ಥಾನದ ಭರತಪುರ ಪಕ್ಷಿಧಾಮವನ್ನು ಕಂಡು ಬಂದ ಮಹನೀಯರೊಬ್ಬರು ಕುಳಿತಿದ್ದರು. ಇಲ್ಲಿನ ಯಾವ ಹಕ್ಕಿಯನ್ನು ತೋರಿಸಿದರೂ ಅದು ಭರತಪುರದಲ್ಲಿ ಇನ್ನೂ ದೊಡ್ಡದಾಗಿತ್ತೆಂದು ನಿಟ್ಟುಸಿರು ಬಿಡುವುದು ಅವರ ಪದ್ಧತಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಸಮೀಪ ದೋಣಿ ಸಾಗಿದಾಗ ಮಾತ್ರ ಉಪದೇಶದ ಅಗತ್ಯವಿಲ್ಲದೆಯೇ ಮೌನ ಸಿದ್ಧಿಸಿತು. ಭರತಪುರವೂ ಬಾಯಿಗೆ ಬರಲಿಲ್ಲ.

ಈ ಯಾತ್ರೆಗಳ ನಿಜವಾದ ಪರೀಕ್ಷೆ ಇರುವುದು ಕಲ್ಲುಗೊರವದಲ್ಲಿ. ಅದರ ಮೈಬಣ್ಣ ಹೊಳೆಯ ಬಂಡೆಯದೇ ಬಣ್ಣ. ಸ್ವಭಾವವೂ ಬಹುಮಟ್ಟಿಗೆ ಬಂಡೆಯದೇ. ಹಗಲೆಲ್ಲ ಅಲುಗದೆ ಕುಳಿತಿರುವ ಈ ಪಕ್ಷಿಯನ್ನು ಒಬ್ಬರು ಹೇಗೋ ಪತ್ತೆಹಚ್ಚಿ, “ಅಗೋ, ಅಲ್ಲಿ!” ಎಂದರು.

“ಎಲ್ಲಿ ಸ್ವಾಮಿ?”

“ಆ ಬಂಡೆ ಇದೆಯಲ್ಲ, ಅದರ ಮೇಲೆ.”

“ಯಾವ ಬಂಡೆ?”

“ಬೆಳ್ಳಕ್ಕಿ ಕೂತಿದೆ ನೋಡಿ, ಅದರ ಎಡಕ್ಕಿರೋದು.”

ಅಷ್ಟರಲ್ಲಿ ಬೆಳ್ಳಕ್ಕಿ ಹಾರಿಹೋಗಿ, ಬಂಡೆಗೆ ಇದ್ದ ಏಕೈಕ ವಿಳಾಸವೂ ಇಲ್ಲವಾಯಿತು. ದುರ್ಬೀನುಗಳು ಮೇಲೆದ್ದುವು, ದೋಣಿ ಒಂದು ಪಕ್ಕಕ್ಕೆ ವಾಲಿತು, ಅಂಬಿಗನು ಎಲ್ಲರನ್ನೂ ಗದರಿಸಿ ಕೂರಿಸಿದನು. ಮೊದಲು ಒಬ್ಬರು “ಹೌದು, ಕಂಡಿತು” ಎಂದರು. ಆ ಬಳಿಕ ಕಾಣದಿರುವುದು ಅವಮಾನದ ವಿಷಯವಾಗಿ ಪರಿಣಮಿಸಿ, ಅವರ ಪಕ್ಕದವರಿಗೆ ಕಂಡಿತು, ಹಿಂದಿನ ಸಾಲಿಗೆ ಕಂಡಿತು, ಕನ್ನಡಕವನ್ನು ಬಸ್ಸಿನಲ್ಲಿಯೇ ಮರೆತು ಬಂದಿದ್ದ ವೃದ್ಧರಿಗೂ ಸ್ಪಷ್ಟವಾಗಿ ಕಂಡಿತು. ಒಬ್ಬ ತಾಯಿ ಮಗನಿಗೆ ಅದರ ಹಳದಿ ಕಣ್ಣುಗಳನ್ನು ತೋರಿಸುತ್ತಿದ್ದರು. ಅವರ ಬೆರಳು ಚಾಚಿದ್ದ ದಿಕ್ಕಿಗೂ ಉಳಿದವರ ದುರ್ಬೀನುಗಳ ದಿಕ್ಕಿಗೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಮೊದಲು ಪತ್ತೆಹಚ್ಚಿದವರು ಮಾತ್ರ, ತಾವು ಕಂಡದ್ದು ಕಲ್ಲೇ ಇರಬಹುದೇ ಎಂಬ ಸಂದೇಹ ಬಂದವರಂತೆ ಕಣ್ಣುಜ್ಜಿಕೊಳ್ಳುತ್ತಿದ್ದರು.

ದಡಕ್ಕೆ ಬಂದು ವಡೆ, ಚಿತ್ರಾನ್ನಗಳ ವಿನಿಯೋಗವಾದ ಮೇಲೆ ಕಾರ್ಯದರ್ಶಿಗಳು ಪಟ್ಟಿಯನ್ನು ಓದಲಾರಂಭಿಸಿದರು. ವಿವಾದಗ್ರಸ್ತ ಪಕ್ಷಿಗಳನ್ನು ಮತಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಕಲ್ಲುಗೊರವಕ್ಕೆ ಭಾರಿ ಬಹುಮತ ದೊರೆಯಿತು. ಭರತಪುರದವರು ತಟಸ್ಥರಾಗಿ ಉಳಿದರು. ಇಷ್ಟರಲ್ಲಿ ಆ ತಾಯಿಯ ಮಗ, “ಅಂಕಲ್, ಕಾಗೆ ಬರೆದಿದೀರಾ?” ಎಂದು ಕೇಳಿದನು. ಬರೆದಿರಲಿಲ್ಲ. ಕಾಗೆ ಕಾರ್ಯದರ್ಶಿಗಳ ಎಲೆಯಿಂದಲೇ ವಡೆಯೊಂದನ್ನು ಎತ್ತಿಕೊಂಡು ಎದುರಿನ ಬೆಂಚಿನ ಮೇಲೆ ಕುಳಿತಿತ್ತು. ಅವರು ಲೇಖನಿ ತೆರೆದು ಪಟ್ಟಿಯ ಕೊನೆಯಲ್ಲಿ ಅದರ ಹೆಸರನ್ನು ಸೇರಿಸಿದರು, ಈ ಬಾರಿ “ಎಲ್ಲಿ ಸ್ವಾಮಿ?” ಎಂದು ಯಾರೊಬ್ಬರೂ ಕೇಳಲಿಲ್ಲ.