ಅಂಕಾಭಾಸ ಪ್ರಕರಣ

ಕೀಬೋರ್ಡಿನಿಂದ ಬಂದ ಅಂಕೆಯನ್ನು ಅಂಕೆಯೆಂದು ನಂಬಬಾರದು. ಪೈಥಾನ್ 3ರಲ್ಲಿ ಬಳಕೆದಾರ 25 ಎಂದು ಒತ್ತಿದರೆ ‘ಇನ್‌ಪುಟ್’ ಫಂಕ್ಷನ್ನಿನ ಕೈಗೆ ಸಿಗುವುದು ಎರಡು ಅಕ್ಷರಗಳ ಸ್ಟ್ರಿಂಗ್. ಅದಕ್ಕೆ 1 ಕೂಡಿಸಹೊರಟರೆ ಟೈಪ್ ಎರರ್. ಸಂಖ್ಯೆಯ ವೇಷವಿದ್ದೂ ಲೆಕ್ಕಕ್ಕೆ ಒದಗದ ಈ ಪದಾರ್ಥಕ್ಕೆ, ಹೇತುವಿನಂತೆ ಕಂಡೂ ಹೇತುವಲ್ಲದ ನೈಯಾಯಿಕರ ಹೇತ್ವಾಭಾಸವನ್ನು ನೆನೆದು, ಅಂಕಾಭಾಸವೆಂದು ಹೆಸರಿಡಲಾಗಿದೆ. ನ್ಯಾಯಸೂತ್ರಕಾರ ಗೌತಮರು ಹೇತ್ವಾಭಾಸಗಳನ್ನು ಐದಕ್ಕೆ ನಿಲ್ಲಿಸಿದರು. ನಮಗೂ ಅದೇ ಆಸೆಯಿತ್ತು, ಬಳಕೆದಾರರು ಬಿಡಲಿಲ್ಲ.

ಮೊದಲನೆಯದು ವಿನೀತ. ಹಿಂದೆ ಮುಂದೆ ಖಾಲಿ ಜಾಗ ಅಂಟಿಸಿಕೊಂಡು ಬಂದರೂ ‘ಇಂಟ್’ ಎಂದೊಡನೆ ಸಂಖ್ಯೆಯಾಗುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಎರಡನೆಯದು ಸಾಲಂಕೃತ: 1,25,000. ಪೈಥಾನ್ ಈ ಅಲ್ಪವಿರಾಮಗಳನ್ನು ಕಂಡೊಡನೆ ವ್ಯಾಲ್ಯೂ ಎರರ್ ಎಸೆಯುತ್ತದೆ. ಅದೇ 1_25_000 ಎಂದು ಅಡಿಗೆರೆ ಎಳೆದು ಕೊಟ್ಟರೆ, 3.6ನೇ ಆವೃತ್ತಿಯಿಂದೀಚೆಗೆ, ಒಪ್ಪಿಕೊಳ್ಳುತ್ತದೆ. ಮಡಿಗೆ ಕಾರಣ ಕೇಳಬಾರದು. ಜಾವಾಸ್ಕ್ರಿಪ್ಟಿನ ‘ಪಾರ್ಸ್‌ಫ್ಲೋಟ್’ ಮಾತ್ರ ಮೊದಲ ಅಲ್ಪವಿರಾಮದವರೆಗೆ ಓದಿ, 1 ಎಂದು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಒಂದೂಕಾಲು ಲಕ್ಷದ ಸಾಲ ರೂಪಾಯಿಗೆ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಬಾಲವುಳ್ಳ ಸಪುಚ್ಛವೂ ಇದರ ದಾಯಾದಿಯೇ. ‘12 ಕೆಜಿ’ಯನ್ನು ‘ಪಾರ್ಸ್‌ಇಂಟ್’ 12 ಎನ್ನುತ್ತದೆ, ‘12 ಡಜನ್’ ಅನ್ನೂ 12 ಎನ್ನುತ್ತದೆ.

ಶೂನ್ಯಗರ್ಭವೆಂಬುದು ಏನನ್ನೂ ತುಂಬದೆ ಬಿಟ್ಟ ಖಾನೆ. ಜಾವಾಸ್ಕ್ರಿಪ್ಟಿನ ‘ನಂಬರ್’ ಅದನ್ನು 0 ಎಂದು ಓದುವುದರಿಂದ, ವಯಸ್ಸು ಹೇಳಲೊಲ್ಲದ ಅಜ್ಜಿ ಹಸುಗೂಸಾಗುತ್ತಾಳೆ.

ಇವೆಲ್ಲಕ್ಕಿಂತ ಘಾತುಕವಾದದ್ದು ಮಾಯಾವಿ. ಇದು ಎರರ್ ಕೊಡುವುದಿಲ್ಲ, ಉತ್ತರ ಕೊಡುತ್ತದೆ. ಅಂಗಡಿಯ ಬಿಲ್ಲಿಗೆ ಬರೆದ ಪೈಥಾನ್ ಪ್ರೋಗ್ರಾಮಿನಲ್ಲಿ ಎಷ್ಟು ಬೇಕೆಂಬುದನ್ನು 3 ಎಂದು ಪರಿವರ್ತಿಸಿ, 250 ರೂಪಾಯಿಯ ಬೆಲೆಯನ್ನು ಸ್ಟ್ರಿಂಗಾಗಿಯೇ ಉಳಿಸಿದರೆ ಗುಣಲಬ್ಧ 250250250. ಜಾವಾಸ್ಕ್ರಿಪ್ಟಿನಲ್ಲಿ ಸ್ಟ್ರಿಂಗ್ 5ಕ್ಕೆ 3 ಕೂಡಿಸಿದರೆ 53, ಅದರಿಂದಲೇ 3 ಕಳೆದರೆ 2. ಕೂಗಾಡುವ ಎರರ್ ಇದರ ಮುಂದೆ ಸಜ್ಜನ.

ದೇಶ್ಯ ಪ್ರಭೇದವೊಂದುಂಟು. ಕನ್ನಡದಲ್ಲಿ ೨೫ ಎಂದು ಒತ್ತಿದರೆ ಪೈಥಾನಿನ ‘ಇಂಟ್’ ಸರಾಗವಾಗಿ 25 ಎನ್ನುತ್ತದೆ. ಯೂನಿಕೋಡ್ ದಶಮಾಂಶ ಅಂಕೆಯೆಂದು ಗುರುತಿಸಿದ್ದೆಲ್ಲ ಅದಕ್ಕೆ ಸಲ್ಲುತ್ತದೆ. ೨5 ಎಂಬ ಮಿಶ್ರತಳಿಯೂ ಸಲ್ಲುತ್ತದೆ. ಜಾವಾಸ್ಕ್ರಿಪ್ಟಿಗೆ ಮಾತ್ರ ಕನ್ನಡ ಬಾರದು.

ಕೊನೆಯದು ಅಗಣ್ಯ, ಎಂದರೆ ಎಣಿಕೆಗೆ ಎಳೆಯಬಾರದ್ದು. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಅನ್ನು ಸಂಖ್ಯೆ ಮಾಡಿದರೆ 80 ಉಳಿಯುತ್ತದೆ. ಎರಡು ಪಿನ್‌ಕೋಡ್ ಕೂಡಿಸಿದರೆ ಯಾವ ಊರೂ ಬರುವುದಿಲ್ಲ. ಇವು ಸ್ಟ್ರಿಂಗುಗಳಾಗಿಯೇ ಬಾಳಲಿ.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ಪೈಥಾನ್ 2ರಲ್ಲಿ ‘ಇನ್‌ಪುಟ್’ ತಾನೇ ಸಂಖ್ಯೆ ಮಾಡಿಕೊಡುತ್ತಿತ್ತಲ್ಲ, ಆ ಸುಖವನ್ನೇಕೆ ಕಿತ್ತುಕೊಂಡರು? ಸಮಾಧಾನ: ಅದು ಬಳಕೆದಾರ ಒತ್ತಿದ್ದನ್ನು ಪ್ರೋಗ್ರಾಮಿನ ಮಾತೆಂದೇ ಬಗೆದು ನಡೆಸಿಬಿಡುತ್ತಿತ್ತು. ಫೈಲ್ ಅಳಿಸುವ ಕರೆಯನ್ನು ಒತ್ತಿದರೆ ಅದೂ ನಡೆಯುವ ಸಾಧ್ಯತೆಯಿತ್ತು. 2008ರಲ್ಲಿ ಬಂದ ಪೈಥಾನ್ 3 ಆ ಪದ್ಧತಿ ಕೈಬಿಟ್ಟಿತು.

ಆದ್ದರಿಂದ ಪರಿವರ್ತನೆ ಹೊಸ್ತಿಲಲ್ಲೇ ಆಗಬೇಕು, ‘ಟ್ರೈ’ಯೊಳಗೆ, ಎರರ್ ಬಂದರೆ ‘ಎಕ್ಸೆಪ್ಟ್’ನಲ್ಲಿ ಹಿಡಿದು ಮತ್ತೊಮ್ಮೆ ಕೇಳಬೇಕು. ‘ಇಸ್‌ಡಿಜಿಟ್’ ಇಟ್ಟು ಮೊದಲೇ ಸೋಸುತ್ತೇನೆನ್ನುವವರು -5 ಅನ್ನು ಹೊರಗಟ್ಟಿ, ‘ಇಂಟ್’ ಒಪ್ಪದ ² ಅನ್ನು ಒಳಗೆ ಬಿಡುತ್ತಾರೆ. ‘ಫ್ಲೋಟ್’ ಬಳಸುವವರಿಗೆ ಇನ್ನೊಂದು ಪೀಡೆ: ಇಂಗ್ಲಿಷಿನಲ್ಲಿ ‘ನ್ಯಾನ್’, ಅಂದರೆ ‘ಸಂಖ್ಯೆಯಲ್ಲ’, ಎಂದು ಒತ್ತಿದರೂ ಅದು ಒಪ್ಪುತ್ತದೆ. ಈ ನ್ಯಾನ್ 0ಗಿಂತ ಚಿಕ್ಕದೂ ಅಲ್ಲ, 120ಕ್ಕಿಂತ ದೊಡ್ಡದೂ ಅಲ್ಲ. ಆ ಎರಡನ್ನೇ ಕೇಳಿ ವಯಸ್ಸು ಸರಿಯೆನ್ನುವ ಕಾವಲುಗಾರ ಮೋಸಹೋಗುತ್ತಾನೆ. 0ಯಿಂದ 120ರ ಒಳಗಿದೆಯೇ ಎಂದು ಕೇಳಿದವನು ಹಿಡಿಯುತ್ತಾನೆ.