ತೆಗದ ನೋಡೋ ತಮ್ಮಾ

ದೇವಿಕೊಪ್ಪದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೊನ್ನೆ ಹಾಲಿನ ಕ್ಯಾನೊಂದು ಒಂಟಿಯಾಗಿ ಕೂತಿತ್ತು. ಹಾಲಿನವನ ಸುಳಿವಿಲ್ಲ. ಚಾದಂಗಡಿ ಕಾಕಾ ಅದನ್ನೇ ನೋಡುತ್ತಾ ಕೇಳಿದ: 'ಸರ, ಇದು ಹುಬ್ಬಳ್ಳಿ ಟೇಶನ್ನಾಗ ಸಿಕ್ಕಿದ್ರ ಏನ್ ಮಾಡ್ತಿದ್ರು?'

'ಪೊಲೀಸರನ್ನ ಕರೀತಿದ್ರು.'

'ಪೊಲೀಸ್ರು ಯಾರ್ನ ಕರೀತಿದ್ರು?'

ಈ ಎರಡನೇ ಪ್ರಶ್ನೆಗೆ ಹುಬ್ಬಳ್ಳಿ ಒಮ್ಮೆ ಉತ್ತರ ಕೊಟ್ಟಿದೆ. 2019ರ ಅಕ್ಟೋಬರ್ 21. ವಿಜಯವಾಡದಿಂದ ಬಂದ ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ವಾರಸುದಾರರಿಲ್ಲದ ಬಕೆಟ್ ಸಿಕ್ಕಿತು. ಅದನ್ನು ಸ್ಟೇಷನ್ ಮಾಸ್ತರರ ಕೋಣೆಯತ್ತ ತಂದರು. ಬಾಂಬ್ ನಿಷ್ಕ್ರಿಯ ದಳ ಬರಬೇಕಿತ್ತು, ಬಂದದ್ದು ಪ್ಲಾಟ್‌ಫಾರ್ಮಿನ ಬಡ ವ್ಯಾಪಾರಿ. ಮುಚ್ಚಳವನ್ನು ಅವನಿಂದ ತೆಗೆಸಿದರೆಂದು ಆಗಿನ ಪತ್ರಿಕೆಗಳು ಬರೆದವು. ಒಳಗಿದ್ದ ಉಂಡೆ ಸಿಡಿಯಿತು, ಆ ವ್ಯಾಪಾರಿ ಹುಡುಗನ ಕೈ ಛಿದ್ರವಾಯಿತು. ಬಾಂಬ್ ಇದೆಯೋ ಇಲ್ಲವೋ ಎಂಬ ಸಂಶಯಕ್ಕೆ ಅಲ್ಲಿಗೆ ಅಧಿಕೃತವಾಗಿ ತೆರೆಬಿತ್ತು.

ಮೂರು ತಿಂಗಳು ತುಂಬಲು ಒಂದು ದಿನ ಬಾಕಿ ಇದ್ದಾಗ, 2020ರ ಜನವರಿ 20ರಂದು, ಮಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಗೊಂದು ಸಿಕ್ಕಿತು. ಅಲ್ಲಿ ಯಾರೂ 'ತೆಗದ ನೋಡೋ ತಮ್ಮಾ' ಅನ್ನಲಿಲ್ಲ. ಜನರನ್ನು ದೂರ ಸರಿಸಿದರು. ದಪ್ಪ ಕವಚ ತೊಟ್ಟವರು ಬಂದರು. ಬ್ಯಾಗಿಗೆ ವಿಶೇಷ ವಾಹನ, ಕೆಂಜಾರಿನ ಮೈದಾನದ ತನಕ ಮೆರವಣಿಗೆ, ಮರಳಿನ ಮೂಟೆಗಳ ಹಾಸಿಗೆ. ಸಿಡಿದದ್ದು ಬ್ಯಾಗು ಮಾತ್ರ.

ಅಂದರೆ ಬಾಂಬಿಗೆ ಹೇಗೆ ಸ್ಪಂದಿಸಬೇಕೆಂಬುದು ನಮ್ಮವರಿಗೆ ಗೊತ್ತಿಲ್ಲವೆನ್ನುವಂತಿಲ್ಲ. ಚೆನ್ನಾಗಿ ಗೊತ್ತಿದೆ. ಟಿಕೆಟ್ಟಿನ ದರ ನೋಡಿ ನೆನಪಾಗುತ್ತದೆ, ಅಷ್ಟೇ. ವಿಮಾನಕ್ಕೆ ಬೆದರಿಕೆ ಬಂದರೆ ತೂಗಿ ನೋಡಲು ಸಮಿತಿಯೇ ಕೂರುತ್ತದೆ, 'ನಿರ್ದಿಷ್ಟ', 'ಅನಿರ್ದಿಷ್ಟ' ಎಂದು ವಿಂಗಡಿಸುತ್ತದೆ. ಜನರಲ್ ಬೋಗಿಗೆ ಬಂದರೆ ತೂಗುವುದು ಹತ್ತಿರ ನಿಂತವನ ಕೈ.

ಇನ್ನು ಇ-ಮೇಲ್ ಬಾಂಬು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ, 2025ರ ಜುಲೈ 18ರಂದು ಮತ್ತೆ ಸುಮಾರು 40 ಶಾಲೆಗಳಿಗೆ ಬಂತು. ಮಕ್ಕಳು ಬಯಲಿಗೆ, ಅವ್ವಂದಿರು ಗೇಟಿಗೆ, ನಾಯಿಗಳು ಬೆಂಚಿನ ಕೆಳಗೆ. ಟಿವಿಯವರು ಮಾತ್ರ ಎಲ್ಲೆಲ್ಲೂ. ಪುಣ್ಯಕ್ಕೆ ಏನೂ ಸಿಗಲಿಲ್ಲ. ಕಳಿಸಿದ ಪುಣ್ಯಾತ್ಮನಿಗೆ ಮಾತ್ರ ಮನೆಯಲ್ಲೇ ಕೂತು ನೋಡಲು ದಿನವಿಡೀ ನೇರಪ್ರಸಾರ. ಆದರೆ 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ನಿಜವಾದ ಬಾಂಬಿನ ಬ್ಯಾಗು ಇಟ್ಟುಹೋದವನು ಮೊದಲೇ ಯಾರಿಗೂ ಪತ್ರ ಬರೆಯಲಿಲ್ಲ.

'ಹಂಗಾರ ಬೊಗಳೂ ನಾಯಿ ಕಚ್ಚಂಗಿಲ್ಲ ಅಂತ ಸುಮ್ನಿರಬೇಕೇನ್ರಿ?' ಎಂದ ಕಾಕಾ.

ಹಾಗೆನ್ನಲೂ ಬಾರದು. ಮಂಗಳೂರಿನ ಬ್ಯಾಗು ಇಟ್ಟವನು ಅದಕ್ಕೂ ಮುಂಚೆ ವಿಮಾನ ನಿಲ್ದಾಣಕ್ಕೆ ಹುಸಿ ಕರೆ ಮಾಡಿ ಜೈಲು ಕಂಡವನೇ. ಬೊಗಳುವುದರಲ್ಲಿ ಪದವಿ ಪಡೆದು ಕಚ್ಚುವುದರಲ್ಲಿ ಸ್ನಾತಕೋತ್ತರ ಮಾಡಿದವನು. ಹಾಗಾಗಿ ಪ್ರತಿ ಕರೆಯನ್ನೂ ತಪಾಸಿಸಲೇಬೇಕು. ತಪಾಸಣೆಗೆ ಬ್ಯಾಂಡು ಬಾಜಾ ಬೇಕಿಲ್ಲ. ಗದ್ದಲವಿಲ್ಲದೆ ಹುಡುಕಲಿ, ಕಳಿಸಿದವನ ಜಾಡು ಬಿಡದೆ ಹಿಡಿಯಲಿ, ಸಿಕ್ಕಿದ ಡಬ್ಬಿಯನ್ನು ಯಾರೂ ಮುಟ್ಟದಿರಲಿ. ಶಾಲೆ ಹುಡುಗರಿಗೂ ಬಾಯಿಪಾಠವಾಗಿರುವ ನಿಯಮವೇ ಇದು: ಮುಟ್ಟಬೇಡಿ, ದೂರ ಸರಿಯಿರಿ, 112ಕ್ಕೆ ಹೇಳಿ. 'ಹತ್ತಿರ ನಿಂತ ಬಡವನನ್ನು ಕರೆಯಿರಿ' ಎಂಬ ಕಲಮು ಯಾವ ಪುಸ್ತಕದಲ್ಲೂ ಇಲ್ಲ. ರೂಢಿಯಲ್ಲಿದೆ.

ಕಾಕಾ ಗ್ಲಾಸು ತೊಳೆಯುತ್ತಾ ಅಂದ: 'ನಮ್ಮ ಕಾಡಂಚಿನ್ಯಾಗ ಹಂದಿಗೆ ಮದ್ದಿನುಂಡಿ ಇಡ್ತಾರ್ರಿ. ಆಕಳಾ ಕಚ್ಚಿದ್ರ ದವಡಿನ ಹೋಗ್ತೈತಿ. ಮೂಕ ಪ್ರಾಣಿ, ಅದಕ್ಕ ತಿಳಿಯಂಗಿಲ್ಲ. ಟೇಶನ್ನಾಗಿನ ಡಬ್ಬಿ ತಿಳಿದಾವ್ರು ತಾವು ತೆಗೀಲಿ, ಇಲ್ಲಾ ನಾಯಿ ಬರೂತನಾ ತಡೀಲಿ. ಪೊಲೀಸ್ ನಾಯಿಗೆ ಟ್ರೇನಿಂಗ್ ಐತಿ, ಡಾಕ್ಟರ್ ಅದಾನ, ಹೊತ್ತಹೊತ್ತಿಗೆ ಊಟ ಐತಿ. ಪ್ಲಾಟ್‌ಫಾರ್ಮಿನ್ಯಾಗ ಯಾಪಾರ ಮಾಡೂ ಹುಡುಗಗ ಏನೈತ್ರಿ?'

ಅಷ್ಟರಲ್ಲಿ ಹಾಲಿನ ಹುಡುಗ ಓಡುತ್ತಾ ಬಂದ. ಹಾಲು ಕೆಟ್ಟಿದೆಯೇನೋ ಎಂದು ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ. ನಾನೂ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದೆವು. ಹುಡುಗನಿಗೆ 'ತಡಿ' ಎಂದು ಮಾತ್ರ ಯಾರೂ ಹೇಳಿರಲಿಲ್ಲ.